ಮಂಡಿಚಿಪ್ಪಿನ ನೋವು: ದೋಷ ಎಲ್ಲಿದೆ ಎಂದು ಪತ್ತೆಹಚ್ಚುವ ಬಗೆ, ಸರಿಪಡಿಸುವ ದಾರಿ

ಮೆಟ್ಟಿಲು ಹತ್ತುವಾಗ ಹೇಗೋ ಸಹಿಸಿಕೊಳ್ಳಬಹುದಾದ ನೋವು ಇಳಿಯುವಾಗ ಮಂಡಿಯ ಮುಂಭಾಗದಲ್ಲಿ ಚುಚ್ಚುತ್ತದೆ. ಬಸ್ಸಿನಲ್ಲಿ ಕಾಲು ಮಡಚಿ ಬಹಳ ಹೊತ್ತು ಕೂತು ಎದ್ದರೆ ಮೊದಲ ನಾಲ್ಕು ಹೆಜ್ಜೆ ಕುಂಟಬೇಕು. ಕುಕ್ಕರುಗಾಲಿನಲ್ಲಿ ಕೂತರೆ ಏಳುವಾಗ ಕೈಗೆ ಏನಾದರೂ ಆಸರೆ ಬೇಕು. ಈ ಮೂರರಲ್ಲಿ ಎರಡಾದರೂ ನಿಮಗಿದ್ದರೆ, ತೊಂದರೆ ಇರುವುದು ಬಹುಮಟ್ಟಿಗೆ ಮಂಡಿಚಿಪ್ಪೂ ಅದರ ಹಿಂದಿನ ತೊಡೆಮೂಳೆಯೂ ಸೇರುವ ಜಾಗದಲ್ಲಿ.

ನಾನು ಫಿಸಿಯೋಥೆರಪಿಸ್ಟ್. ಇಂಥ ನೋವಿನವರು ಬರುವಾಗ ಕೈಯಲ್ಲಿ ಎಕ್ಸ್‌ರೇ ಅಥವಾ ಎಂಆರ್‌ಐ ಕವರ್ ಇರುತ್ತದೆ, ಬಾಯಲ್ಲಿ ಒಂದೇ ಮಾತು: "ಸವೆದುಹೋಗಿದೆಯಂತೆ." ಇಪ್ಪತ್ತೆರಡರ ಹುಡುಗಿಯೂ ಇದನ್ನೇ ಹೇಳುತ್ತಾಳೆ, ಅರವತ್ತೆಂಟರ ಅಜ್ಜಿಯೂ ಇದನ್ನೇ ಹೇಳುತ್ತಾರೆ. ಇಬ್ಬರ ದೋಷ ಬೇರೆ, ಮಾಡಬೇಕಾದದ್ದೂ ಬೇರೆ. ನೋವು ಎಲ್ಲಿದೆ, ಯಾವ ಕೆಲಸಕ್ಕೆ ಬರುತ್ತದೆ, ಹೇಗೆ ಶುರುವಾಯಿತು ಎಂಬ ಮೂರು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಕಾರಣ ಬಹುಪಾಲು ಪತ್ತೆಯಾದಂತೆಯೇ. ಫಿಲ್ಮು ಆಮೇಲಿನ ಮಾತು. ಆ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಚಿಪ್ಪು ಮಾಡುವ ಕೆಲಸ

ತೊಡೆಯ ಮುಂದಿನ ದೊಡ್ಡ ಸ್ನಾಯು ಕೆಳಗೆ ಬರುತ್ತಾ ಗಟ್ಟಿ ಟೆಂಡನ್ (ಸ್ನಾಯುವನ್ನು ಮೂಳೆಗೆ ಬಿಗಿಯುವ ಹಗ್ಗದಂಥ ಪಟ್ಟಿ) ಆಗುತ್ತದೆ. ಆ ಟೆಂಡನ್ನಿನೊಳಗೇ ಹುದುಗಿರುವ ಮೂಳೆ ಮಂಡಿಚಿಪ್ಪು. ಅಲ್ಲಿಂದ ಕೆಳಗೆ ಇನ್ನೊಂದು ಟೆಂಡನ್ ಹೊರಟು, ಮಂಡಿಯ ಕೆಳಗೆ ಮುಂಗಾಲಿನ ಮೂಳೆಯ ಉಬ್ಬಿಗೆ ಅಂಟಿಕೊಳ್ಳುತ್ತದೆ. ಮಂಡಿ ಮಡಚಿದಾಗ ಚಿಪ್ಪು ತೊಡೆಮೂಳೆಯ ತುದಿಯಲ್ಲಿರುವ ತೋಡಿನೊಳಗೆ ಜಾರುತ್ತದೆ, ನೆಟ್ಟಗೆ ಮಾಡಿದಾಗ ಮೇಲೆ ಬರುತ್ತದೆ. ಬಾವಿಯ ರಾಟೆ ಹಗ್ಗದ ಎಳೆತದ ದಿಕ್ಕನ್ನು ತಿರುಗಿಸುವಂತೆ, ಇದು ತೊಡೆಯ ಸ್ನಾಯುವಿನ ಬಲವನ್ನು ಕಾಲಿಗೆ ದಾಟಿಸುತ್ತದೆ.

ದಾಟಿಸುವಾಗ ಬೀಳುವ ಒತ್ತಡ ಸಣ್ಣದಲ್ಲ. ಸಮತಟ್ಟಾದ ನೆಲದ ಮೇಲೆ ನಡೆಯುವಾಗ ಚಿಪ್ಪಿನ ಹಿಂದೆ ಬೀಳುವ ಭಾರ ದೇಹದ ತೂಕದ ಸುಮಾರು ಅರ್ಧದಷ್ಟು. ಮೆಟ್ಟಿಲಿನಲ್ಲಿ ಅದು ಸುಮಾರು ಮೂರು ಪಟ್ಟು. ಪೂರ್ತಿ ಕುಕ್ಕರಿಸಿ ಏಳುವಾಗ ಏಳೆಂಟು ಪಟ್ಟು. 60 ಕಿಲೋ ತೂಗುವವರಿಗೆ ಲೆಕ್ಕ ಹಾಕಿ ನೋಡಿ: ನಡಿಗೆಯಲ್ಲಿ 30 ಕಿಲೋ, ಮೆಟ್ಟಿಲಿನಲ್ಲಿ 180, ಕುಕ್ಕರಿಸಿ ಏಳುವಾಗ 400ರ ಮೇಲೆ. "ನಡೆದರೆ ಏನೂ ಇಲ್ಲ, ಮೆಟ್ಟಿಲು ಕಂಡರೆ ಭಯ" ಎಂದು ಜನ ಹೇಳುವುದು ಇದಕ್ಕೇ. ಇಳಿಯುವಾಗ ಇಡೀ ದೇಹವನ್ನು ಒಂದೇ ಕಾಲಿನ ಮೇಲೆ ನಿಧಾನವಾಗಿ ಕೆಳಗಿಳಿಸಬೇಕು. ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಿಡಿಯಬೇಕು. ಚಾಮುಂಡಿ ಬೆಟ್ಟವನ್ನೋ ಶ್ರವಣಬೆಳಗೊಳದ ವಿಂಧ್ಯಗಿರಿಯನ್ನೋ ಹತ್ತಿದ ದಿನ ಚೆನ್ನಾಗಿದ್ದು, ಇಳಿದ ಮೇಲೆ ಮಂಡಿ ಹಿಡಿದುಕೊಂಡಿತು ಎನ್ನುವವರ ಕಥೆಯೂ ಇದೇ.

ಚಿಪ್ಪಿನ ಹಿಂಬದಿಯ ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆಯನ್ನು ಹೊದ್ದಿರುವ ನುಣುಪಾದ ಪದರ) ದೇಹದಲ್ಲೇ ಅತಿ ದಪ್ಪನೆಯದು. ಅದರೊಳಗೆ ನರಗಳಿಲ್ಲ, ಹಾಗಾಗಿ ಅದಕ್ಕೆ ತಾನಾಗಿ ನೋಯಲು ಬರುವುದಿಲ್ಲ. ನೋಯುವುದು ಅದರ ಕೆಳಗಿನ ಮೂಳೆ, ಕೀಲಿನ ಒಳಪೊರೆ, ಚಿಪ್ಪಿನ ಕೆಳಗಿರುವ ಕೊಬ್ಬಿನ ಗದ್ದುಗೆ, ಅಕ್ಕಪಕ್ಕದ ಪಟ್ಟಿಗಳು. ಇದೊಂದು ವಿಷಯ ಮನಸ್ಸಿನಲ್ಲಿದ್ದರೆ ರಿಪೋರ್ಟಿನ ಅರ್ಧ ಹೆದರಿಕೆ ಕಡಿಮೆಯಾಗುತ್ತದೆ.

ಮೊದಲು ಇವಿಲ್ಲ ಎಂದು ಖಚಿತ ಮಾಡಿಕೊಳ್ಳಿ

ಮನೆಯಲ್ಲಿ ಪರೀಕ್ಷೆ, ವ್ಯಾಯಾಮ ಶುರುಮಾಡುವ ಮೊದಲು ಕೆಲವು ಸಂಗತಿಗಳನ್ನು ಹೊರಗಿಡಬೇಕು. ಇವುಗಳಲ್ಲಿ ಒಂದಿದ್ದರೂ ಮುಂದೆ ಓದುವುದನ್ನು ಬಿಟ್ಟು ಡಾಕ್ಟರ ಬಳಿ ಹೋಗಿ.

ಮಂಡಿ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಜೊತೆಗೆ ಜ್ವರವಿದ್ದರೆ ಕೀಲಿನೊಳಗೆ ಸೋಂಕು ಇರಬಹುದು. ಅದು ಅದೇ ದಿನ ನೋಡಬೇಕಾದ ವಿಷಯ. ಸೋಂಕು ಕೆಲವೇ ದಿನಗಳಲ್ಲಿ ಕಾರ್ಟಿಲೇಜನ್ನು ಹಾಳುಮಾಡಬಲ್ಲದು.

ಬಿದ್ದ ಮೇಲೆ ಅಥವಾ ಎಡವಿದ ಮೇಲೆ, ಮಲಗಿ ಮಂಡಿ ನೆಟ್ಟಗಿಟ್ಟುಕೊಂಡು ಹಿಮ್ಮಡಿಯನ್ನು ಹಾಸಿಗೆಯಿಂದ ಎತ್ತಲು ನೋಡಿ. ನೋವಿದ್ದರೂ ಎತ್ತಲು ಬಂದರೆ ಸರಿ. ಎಷ್ಟು ಪ್ರಯತ್ನಿಸಿದರೂ ಎತ್ತಲು ಬರದಿದ್ದರೆ ಚಿಪ್ಪು ಮುರಿದಿದೆ, ಇಲ್ಲವೇ ಅದರ ಮೇಲಿನ ಅಥವಾ ಕೆಳಗಿನ ಟೆಂಡನ್ ಹರಿದಿದೆ ಎಂದೇ ಹಿಡಿಯಬೇಕು. ಮೇಲಿನ ಟೆಂಡನ್ ಹರಿಯುವುದು ಹೆಚ್ಚಾಗಿ ನಲವತ್ತು ದಾಟಿದವರಲ್ಲಿ. ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ ಇದ್ದವರಲ್ಲಿ ಅಪಾಯ ಇನ್ನೂ ಜಾಸ್ತಿ. ಇಂಥದ್ದನ್ನು ತಡಮಾಡದೆ ಹೊಲಿದರೆ ಕಾಲು ಮೊದಲಿನಂತಾಗುತ್ತದೆ. ತಿಂಗಳಾದ ಮೇಲೆ ಬಂದರೆ ತುದಿಗಳು ಮೇಲಕ್ಕೆಳೆದುಕೊಂಡು ಕೆಲಸ ಕಷ್ಟವಾಗುತ್ತದೆ. ಆ ತಿಂಗಳು ಕಳೆದುಹೋಗುವುದು ಎಲ್ಲಿ ಎಂದು ನಮಗೆ ಗೊತ್ತು: ಉಳುಕಿದೆ ಎಂದುಕೊಂಡು ತಿಕ್ಕಿಸಿ, ಕಟ್ಟು ಹಾಕಿಸಿಕೊಂಡು ಮನೆಯಲ್ಲೇ ಕೂರುವುದರಲ್ಲಿ. ಕಾಲು ಎತ್ತಲು ಬರುತ್ತದೋ ಇಲ್ಲವೋ ಎಂದು ನೋಡಲು ಅರ್ಧ ನಿಮಿಷ ಸಾಕು. ದಯವಿಟ್ಟು ನೋಡಿ.

ಪೆಟ್ಟು ಬಿದ್ದಾಗ ಎಕ್ಸ್‌ರೇ ಬೇಕೋ ಬೇಡವೋ ಎಂಬುದಕ್ಕೆ ಕೆನಡಾದ ಒಟ್ಟಾವಾದಲ್ಲಿ ರೂಪಿಸಿದ ನಿಯಮವಿದೆ, ಜಗತ್ತಿನಾದ್ಯಂತ ಬಳಸುತ್ತಾರೆ. ವಯಸ್ಸು 55 ಅಥವಾ ಹೆಚ್ಚು, ಚಿಪ್ಪಿನ ಮೇಲೆ ಮಾತ್ರ ಒತ್ತಿದರೆ ನೋವು, ಮಂಡಿಯ ಹೊರಪಕ್ಕದ ಸಣ್ಣ ಮೂಳೆಯ ತಲೆಯ ಮೇಲೆ ಒತ್ತಿದರೆ ನೋವು, ಮಂಡಿಯನ್ನು 90 ಡಿಗ್ರಿ ಮಡಚಲಾಗದಿರುವುದು, ಪೆಟ್ಟು ಬಿದ್ದಾಗಲೂ ಆಸ್ಪತ್ರೆಯಲ್ಲೂ ನಾಲ್ಕು ಹೆಜ್ಜೆ ಭಾರ ಹಾಕಲಾಗದಿರುವುದು. ಇವುಗಳಲ್ಲಿ ಒಂದಿದ್ದರೂ ಎಕ್ಸ್‌ರೇ ತೆಗೆಸಬೇಕು.

ಊತ ಯಾವಾಗ ಬಂತು ಎಂಬುದನ್ನು ಗಮನಿಸಿ. ಪೆಟ್ಟಾದ ಒಂದೆರಡು ಗಂಟೆಯೊಳಗೆ ಮಂಡಿ ಉಬ್ಬಿದರೆ ಒಳಗೆ ರಕ್ತ ಸೇರಿದೆ ಎಂದರ್ಥ. ಚಿಪ್ಪು ಜಾರಿರಬಹುದು, ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟ್ ಹರಿದಿರಬಹುದು, ಮೂಳೆ ಒಡೆದಿರಬಹುದು. ಮರುದಿನ ನಿಧಾನವಾಗಿ ಬಂದ ಊತ ಸಾಮಾನ್ಯವಾಗಿ ಕೀಲಿನ ನೀರು.

ಬೆಳೆಯುವ ಮಕ್ಕಳು ಮಂಡಿ ನೋವೆಂದರೆ ಸೊಂಟದ ಕೀಲನ್ನೂ ನೋಡಲೇಬೇಕು. ಹತ್ತರಿಂದ ಹದಿನಾರರ ಒಳಗಿನ, ಸ್ವಲ್ಪ ಮೈಕೈ ತುಂಬಿಕೊಂಡ ಮಗು ಕುಂಟುತ್ತಾ "ಮಂಡಿ ನೋವು" ಎನ್ನುತ್ತದೆ, ಮಂಡಿಯಲ್ಲಿ ಏನೂ ಸಿಗುವುದಿಲ್ಲ. ತೊಡೆಯನ್ನು ಒಳಕ್ಕೆ ತಿರುಗಿಸಲು ಹೋದರೆ ಚೀರುತ್ತದೆ. ತೊಡೆಮೂಳೆಯ ತಲೆ ಬೆಳವಣಿಗೆಯ ಪದರದಲ್ಲಿ ಜಾರುತ್ತಿರಬಹುದು. ಇದು ತುರ್ತು.

ವಾರಗಟ್ಟಲೆ ಒಂದೇ ಮಂಡಿ ಊದಿಕೊಂಡಿದ್ದು, ಸಂಜೆ ಜ್ವರ, ತೂಕ ಇಳಿಕೆ, ತೊಡೆ ಬತ್ತುವುದು ಕಂಡರೆ ಕೀಲಿನ ಟಿಬಿಯ ಪರೀಕ್ಷೆ ಆಗಬೇಕು. ರಾತ್ರಿ ಮಲಗಿದಾಗಲೂ ಬಿಡದ ನೋವು, ಮೀನಖಂಡದ ಊತ, ಮಂಡಿ ಅರ್ಧಕ್ಕೇ ಸಿಕ್ಕಿಹಾಕಿಕೊಂಡು ಬಿಡಿಸಲಾಗದಿರುವುದು ಕೂಡ ಕಾಯುವ ವಿಷಯಗಳಲ್ಲ. ಜ್ವರದ ನಂತರ ಎರಡೂ ಮಂಡಿ, ಮಣಿಕಟ್ಟು, ಪಾದ ಎಲ್ಲ ಹಿಡಿದುಕೊಂಡಿದ್ದರೆ ಅದು ಚಿಪ್ಪಿನ ದೋಷವಲ್ಲ. ಚಿಕುನ್‌ಗುನ್ಯಾ ನಮ್ಮ ರಾಜ್ಯವನ್ನು 2006ರಲ್ಲಿ ಹಿಂಡಿದ್ದನ್ನು ಹಿರಿಯರು ಮರೆತಿಲ್ಲ.

ಒಂದೇ ಬೆರಳಿನಲ್ಲಿ ತೋರಿಸಿ

ಇವೇನೂ ಇಲ್ಲವೆಂದಾದರೆ ಕುರ್ಚಿಯ ಮೇಲೆ ಕೂತು, ನೋಯುವ ಜಾಗವನ್ನು ಒಂದೇ ಬೆರಳಿಟ್ಟು ತೋರಿಸಿ. ಒಂದೇ ಬೆರಳು. ಬಹಳ ಜನ ಅಂಗೈಯನ್ನೇ ಚಿಪ್ಪಿನ ಮೇಲಿಟ್ಟು "ಇಲ್ಲೆಲ್ಲಾ, ಒಳಗೆ" ಎನ್ನುತ್ತಾರೆ. ಅದೂ ಒಂದು ಉತ್ತರವೇ. ಒಂದು ಬಿಂದು ಸಿಗದೆ ಚಿಪ್ಪಿನ ಸುತ್ತ ಅಥವಾ ಹಿಂದೆ ಹರಡಿದ ನೋವು, ಮಡಚಿದ ಮಂಡಿಯ ಮೇಲೆ ಭಾರ ಬಿದ್ದಾಗ ಹೆಚ್ಚಾಗುವುದು: ಇದಕ್ಕೆ ಪಟೆಲ್ಲೋಫೆಮೊರಲ್ ನೋವು ಎನ್ನುತ್ತಾರೆ, ಅಂದರೆ ಚಿಪ್ಪು-ತೊಡೆಮೂಳೆ ಕೀಲಿನ ನೋವು. ಹದಿಹರೆಯದವರಿಂದ ನಲವತ್ತರವರೆಗೆ ಮಂಡಿಯ ಮುಂಭಾಗದ ನೋವಿಗೆ ಇದೇ ಅತಿ ಸಾಮಾನ್ಯ ಕಾರಣ. ಹುಡುಗಿಯರಲ್ಲಿ, ಓಡುವವರಲ್ಲಿ ಹೆಚ್ಚು.

ಬೆರಳು ಚಿಪ್ಪಿನ ಕೆಳತುದಿಯ ಒಂದೇ ಬಿಂದುವಿನಲ್ಲಿ ನಿಂತು, ಜಿಗಿದರೆ, ಸ್ಮ್ಯಾಶ್‌ಗೆ ಹಾರಿ ಇಳಿದರೆ ಅಲ್ಲೇ ಕಚ್ಚಿದಂತಾದರೆ ಅದು ಕೆಳಗಿನ ಟೆಂಡನ್ನಿನ ತೊಂದರೆ. ವಾಲಿಬಾಲ್ ಹುಡುಗರಲ್ಲಿ ಇದನ್ನು ತುಂಬಾ ಕಾಣುತ್ತೇವೆ. ಸುಮ್ಮನೆ ಕೂತಾಗ ನೋವಿರುವುದಿಲ್ಲ; ಆಟ ಶುರುವಾದಾಗ ಇದ್ದು, ಮೈ ಬಿಸಿಯಾದ ಮೇಲೆ ಕಡಿಮೆಯಾಗಿ, ಮರುದಿನ ಬೆಳಗ್ಗೆ ಮತ್ತೆ ಬಿಗಿಯುತ್ತದೆ.

ಇನ್ನೂ ಕೆಳಗೆ, ಮುಂಗಾಲ ಮೂಳೆಯ ಉಬ್ಬಿನ ಮೇಲೆ ಬೆರಳು ಹೋಯಿತು, ವಯಸ್ಸು ಹತ್ತರಿಂದ ಹದಿನೈದು, ಮೈದಾನದಲ್ಲೇ ಬೆಳೆಯುವ ಮಗು: ಇದು ಆಸ್‌ಗುಡ್-ಶ್ಲಾಟರ್. 1903ರಲ್ಲಿ ಅಮೆರಿಕದ ಆಸ್‌ಗುಡ್, ಸ್ವಿಟ್ಜರ್ಲೆಂಡಿನ ಶ್ಲಾಟರ್ ಬೇರೆಬೇರೆಯಾಗಿ ವಿವರಿಸಿದ ತೊಂದರೆ. ಬೆಳೆಯುವ ಮೂಳೆಯ ಮೃದು ಭಾಗವನ್ನು ಟೆಂಡನ್ ಎಳೆದೆಳೆದು ನೋಯಿಸುತ್ತದೆ, ಅಲ್ಲೊಂದು ಗಂಟು ಕಾಣುತ್ತದೆ. ಗಂಟು ಕಂಡ ತಾಯಂದಿರು ಗಾಬರಿಯಾಗುತ್ತಾರೆ. ಬೆಳವಣಿಗೆ ನಿಂತಾಗ ನೋವು ಸಾಮಾನ್ಯವಾಗಿ ಹೋಗುತ್ತದೆ, ಗಂಟು ಉಳಿಯಬಹುದು, ತೊಂದರೆಯಿಲ್ಲ. ಆಟ ಪೂರ್ತಿ ಬಿಡಿಸಬೇಕಾಗಿಲ್ಲ, ಕಡಿಮೆ ಮಾಡಿದರೆ ಸಾಕು.

ಚಿಪ್ಪಿನ ಮೇಲೆಯೇ, ಚರ್ಮದ ಕೆಳಗೆ ಮೆತ್ತನೆಯ ಉಬ್ಬು ಇದ್ದು, ಮಂಡಿಯೂರಿದರೆ ನೋವಾದರೆ ಅಲ್ಲಿರುವ ನೀರಿನ ಚೀಲ ಊದಿಕೊಂಡಿದೆ. ನೆಲ ಒರೆಸುವವರು, ಟೈಲ್ಸ್ ಹಾಕುವವರು, ಬಡಗುತಿಟ್ಟಿನಲ್ಲಿ ಮಂಡಿ ಹಾಕಿ ಕುಣಿಯುವ ಯಕ್ಷಗಾನ ಕಲಾವಿದರು ಇದಕ್ಕೆ ಸಿಗುತ್ತಾರೆ. ಮಂಡಿಗೆ ದಪ್ಪ ಪ್ಯಾಡ್ ಕಟ್ಟಿ, ಕೆಲವು ವಾರ ಊರುವುದನ್ನು ಬಿಟ್ಟರೆ ಇಳಿಯುತ್ತದೆ. ಸೂಜಿ ಚುಚ್ಚಿ, ಹಿಚುಕಿ ನೀರು ತೆಗೆಯಲು ಹೋಗಬೇಡಿ; ಸೋಂಕು ಹೊಕ್ಕರೆ ಸಣ್ಣ ತೊಂದರೆ ದೊಡ್ಡದಾಗುತ್ತದೆ.

ಚಿಪ್ಪಿನ ಕೆಳಗಿನ ಟೆಂಡನ್ನಿನ ಎರಡು ಪಕ್ಕದಲ್ಲಿ, ಮಂಡಿಯನ್ನು ಪೂರ್ತಿ ನೆಟ್ಟಗೆ ಸೆಟೆಸಿದಾಗ ನೋವಾದರೆ ಕೊಬ್ಬಿನ ಗದ್ದುಗೆ ಸಿಕ್ಕಿಕೊಳ್ಳುತ್ತಿದೆ. ಬಹಳ ಹೊತ್ತು ಮಂಡಿ ಹಿಂದಕ್ಕೆ ಸೆಟೆದು ನಿಲ್ಲುವ ಅಭ್ಯಾಸ ಇರುವವರಲ್ಲಿ ಹೆಚ್ಚು.

"ಚಿಪ್ಪು ಪಕ್ಕಕ್ಕೆ ಹೋಗಿ ಬಂದಂತಾಯಿತು" ಎನ್ನುವವರು ಬೇರೆಯೇ ಗುಂಪು. ಕಬಡ್ಡಿಯಲ್ಲೋ ಗರ್ಬಾದಲ್ಲೋ ಪಾದ ನೆಲಕ್ಕೆ ಕಚ್ಚಿ ಮೈ ತಿರುಗಿದಾಗ ಚಿಪ್ಪು ಹೊರಪಕ್ಕಕ್ಕೆ ಜಾರುತ್ತದೆ, ಮಂಡಿ ನೆಟ್ಟಗೆ ಮಾಡುತ್ತಿದ್ದಂತೆ ಎಷ್ಟೋ ಸಲ ತಾನೇ ಕೂರುತ್ತದೆ. ಆ ಕ್ಷಣ ಒಳಪಕ್ಕದಲ್ಲಿ ಚಿಪ್ಪನ್ನು ಹಿಡಿದಿಡುವ ಲಿಗಮೆಂಟ್ ಹರಿದಿರುತ್ತದೆ, ಕೆಲವೊಮ್ಮೆ ಕಾರ್ಟಿಲೇಜಿನ ಚೂರು ಕಿತ್ತು ಬಂದಿರುತ್ತದೆ. ಮೊದಲ ಸಲವಾದರೂ ಎಲುಬು ತಜ್ಞರನ್ನು ಕಂಡು ಚಿತ್ರ ತೆಗೆಸಿ. ಎಂಆರ್‌ಐಗೆ ನಿಜವಾಗಿ ಬೆಲೆ ಇರುವುದು ಇಂಥಲ್ಲಿ. ಚಿಪ್ಪನ್ನು ಹೆಬ್ಬೆರಳಿನಿಂದ ಹೊರಕ್ಕೆ ಮೆಲ್ಲಗೆ ತಳ್ಳಿದಾಗ ರೋಗಿ ನೋವಿಗಿಂತ ಮೊದಲು ಹೆದರಿ ಕೈ ಹಿಡಿದುಕೊಂಡರೆ, ಆ ಹೆದರಿಕೆಯೇ ಪರೀಕ್ಷೆಯ ಫಲಿತಾಂಶ.

ಇನ್ನು ಐವತ್ತರ ಆಸುಪಾಸಿನವರು. ಕೂತು ಏಳುವಾಗ ನೋವು, ಬೆಳಗ್ಗೆ ಅರ್ಧ ಗಂಟೆಯೊಳಗೆ ಸಡಿಲವಾಗುವ ಬಿಗಿತ, ಚಿಪ್ಪಿನ ಕೆಳಗೆ ಒರಟು ಸದ್ದು ಎಲ್ಲ ಸೇರಿದರೆ ಚಿಪ್ಪಿನ ಕೀಲಿನ ನಿಜವಾದ ಸವೆತ, ಅಂದರೆ ಆಸ್ಟಿಯೋಆರ್ಥ್ರೈಟಿಸ್. ಬರೇ ಕಟಕಟ ಸದ್ದು ಮಾತ್ರ ಇದ್ದು ನೋವೂ ಊತವೂ ಇಲ್ಲದಿದ್ದರೆ ಯಾವ ವಯಸ್ಸಿನಲ್ಲೂ ಅದು ರೋಗವಲ್ಲ. ನೋವೇ ಇಲ್ಲದ ಎಷ್ಟೋ ಮಂಡಿಗಳು ಸದ್ದು ಮಾಡುತ್ತವೆ.

ಮೆಟ್ಟಿಲಿನ ಮೇಲೆ ನೋಡಿದರೆ ಕಾಣುವುದು

ಹರಡಿದ ನೋವಿನವರಿಗೆ ಎರಡು ಪರೀಕ್ಷೆ ಮಾಡಿಸುತ್ತೇವೆ, ಎರಡನ್ನೂ ಮನೆಯಲ್ಲಿ ಮಾಡಬಹುದು. ಮೊದಲನೆಯದು ಕುಕ್ಕರಿಸುವುದು. ನಿಧಾನವಾಗಿ ಕೆಳಗೆ ಹೋಗಿ, ಎಷ್ಟು ಮಡಚಿದಾಗ ನೋವು ಶುರುವಾಯಿತೋ ಅಲ್ಲಿ ನಿಲ್ಲಿ. ಚಿಪ್ಪಿನ ಸುತ್ತ ನೋವು ಬಂದರೆ ದೋಷ ಚಿಪ್ಪಿನ ಕೀಲಿನದೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಒಂಟಿ ಪರೀಕ್ಷೆ ಇಲ್ಲ. ಎಷ್ಟು ಆಳದಲ್ಲಿ ಬಂತೆಂದು ನೆನಪಿಡಿ, ಆರು ವಾರದ ನಂತರ ಹೋಲಿಸಲು ಬೇಕಾಗುತ್ತದೆ.

ಎರಡನೆಯದಕ್ಕೆ ಕನ್ನಡಿಯೋ ಮೊಬೈಲ್ ಹಿಡಿಯುವವರೋ ಬೇಕು. ಸುಮಾರು 15-20 ಸೆಂಟಿಮೀಟರ್ ಎತ್ತರದ ಮೆಟ್ಟಿಲಿನ ಅಂಚಿನಲ್ಲಿ ನೋಯುವ ಕಾಲಿನ ಮೇಲೆ ನಿಂತು, ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮುಂದೆ ನೆಲಕ್ಕೆ ಮೆಲ್ಲಗೆ ತಾಗಿಸಿ ಮತ್ತೆ ಮೇಲೆ ಬನ್ನಿ. ಐದಾರು ಸಲ. ಮೊದಲೆರಡು ಸಲ ಎಲ್ಲರೂ ಹುಷಾರಾಗಿ ಮಾಡುತ್ತಾರೆ. ನಾಲ್ಕನೆಯದರ ಹೊತ್ತಿಗೆ ನಿಜ ಹೊರಬರುತ್ತದೆ: ಎದುರಿನ ಸೊಂಟ ಕೆಳಗೆ ಕುಸಿಯುತ್ತದೆ, ತೊಡೆ ಒಳಕ್ಕೆ ತಿರುಗುತ್ತದೆ, ಮಂಡಿ ಹೆಬ್ಬೆರಳನ್ನೂ ದಾಟಿ ಒಳಗೆ ಬೀಳುತ್ತದೆ, ಪಾದದ ಕಮಾನು ಚಪ್ಪಟೆಯಾಗುತ್ತದೆ. ತೊಡೆಮೂಳೆ ಒಳಕ್ಕೆ ತಿರುಗಿದರೆ ಅದರ ತೋಡು ಚಿಪ್ಪಿನ ಕೆಳಗಿನಿಂದ ಸರಿದಂತಾಗಿ, ಚಿಪ್ಪಿನ ಹೊರಭಾಗದ ಮೇಲೆ ಒತ್ತಡ ಬೀಳುತ್ತದೆ. ನೋಯುವುದು ಮಂಡಿ, ಕೈಕೊಟ್ಟಿರುವುದು ಸೊಂಟದ ಪಕ್ಕದ ಸ್ನಾಯು. ಚಿಕಿತ್ಸೆಯಲ್ಲಿ ಸೊಂಟಕ್ಕೂ ವ್ಯಾಯಾಮ ಕೊಡುವುದು ಇದಕ್ಕೆ.

ಭರತನಾಟ್ಯ ಕಲಿಯುವ ಮಕ್ಕಳ ಅರಮಂಡಿಯಲ್ಲಿ (ಮಂಡಿ ಅರ್ಧ ಮಡಚಿ ನಿಲ್ಲುವ ಭಂಗಿಯಲ್ಲಿ) ಇದೇ ದೋಷ ಇನ್ನೊಂದು ವೇಷದಲ್ಲಿ ಕಾಣುತ್ತದೆ. ಅರಮಂಡಿಯಲ್ಲಿ ತೊಡೆಗಳು ಸೊಂಟದಿಂದಲೇ ಹೊರಕ್ಕೆ ತಿರುಗಬೇಕು. ಸೊಂಟ ಅಷ್ಟು ತಿರುಗದ ಮಗು ಪಾದಗಳನ್ನು ಮಾತ್ರ ಪೂರ್ತಿ ತೆರೆದು ನಿಲ್ಲುತ್ತದೆ. ಪಾದ ಹೊರಗೆ, ಮಂಡಿ ಒಳಗೆ, ನಡುವೆ ಸಿಕ್ಕಿದ್ದು ಚಿಪ್ಪು. ಮೇಲಿನಿಂದ ನೋಡಿದಾಗ ಚಿಪ್ಪಿನ ನಡುಭಾಗ ಎರಡನೇ ಕಾಲ್ಬೆರಳಿನ ನೇರಕ್ಕೆ ಇರಬೇಕು. ಅಷ್ಟು ಮಾತ್ರ ಪಾದ ತೆರೆಯಿರಿ. ಕೋನ ಕಡಿಮೆಯಾದರೆ ಅಂದ ಕೆಡುತ್ತದೆ ಎಂದು ಕೆಲವರಿಗೆ ಅನಿಸಬಹುದು. ಸೊಂಟ ಪಳಗುತ್ತಾ ಹೋದಂತೆ ಕೋನ ತಾನೇ ತೆರೆಯುತ್ತದೆ, ಮಕ್ಕಳ ಮಂಡಿಯನ್ನು ಬಲಿಕೊಟ್ಟು ಅದನ್ನು ಅವಸರದಲ್ಲಿ ಪಡೆಯಬಾರದು.

ಇನ್ನೊಂದು ಅಳತೆ: ಟೈಲರ್ ಟೇಪಿನಿಂದ ಚಿಪ್ಪಿನ ಮೇಲಂಚಿನಿಂದ 10 ಸೆಂಟಿಮೀಟರ್ ಮೇಲೆ ಎರಡೂ ತೊಡೆಗಳ ಸುತ್ತಳತೆ ತೆಗೆದು ಬರೆದಿಡಿ. ನೋಯುವ ಕಾಲು ಸಣಕಲಾಗಿದ್ದರೆ ಅದನ್ನು ನೀವು ಎಷ್ಟು ದಿನದಿಂದ ಕಾಪಾಡಿಕೊಂಡು ನಡೆಯುತ್ತಿದ್ದೀರಿ ಎಂದು ಟೇಪೇ ಹೇಳುತ್ತದೆ.

ಎಕ್ಸ್‌ರೇ, ಎಂಆರ್‌ಐ

ಹರಡಿದ ನೋವಿನ ಯುವಕರಿಗೆ ಶುರುವಿನಲ್ಲಿ ಯಾವ ಚಿತ್ರವೂ ಬೇಡ. ಪೆಟ್ಟು, ಊತ, ಜಾರಿದ ಚಿಪ್ಪು, ಅಥವಾ ಮೂರು ತಿಂಗಳ ಸರಿಯಾದ ವ್ಯಾಯಾಮಕ್ಕೂ ಬಗ್ಗದ ನೋವು ಇದ್ದರೆ ತೆಗೆಸಿ. ತೆಗೆಸುವುದಾದರೆ ಮುಂದಿನಿಂದ, ಪಕ್ಕದಿಂದ ತೆಗೆದ ಎಕ್ಸ್‌ರೇ ಸಾಲದು. ಮಂಡಿ ಮಡಚಿ, ಚಿಪ್ಪು ಮತ್ತು ತೋಡಿನ ನಡುವಿನ ಸಂದು ಕಾಣುವಂತೆ ತೆಗೆಯುವ 'ಸ್ಕೈಲೈನ್' ನೋಟ ಬೇಕು. ಚಿಪ್ಪಿನ ಕೀಲು ಸರಿಯಾಗಿ ಕಾಣುವುದು ಅದರಲ್ಲೇ. ಡಾಕ್ಟರು ಬರೆಯದಿದ್ದರೆ ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ.

ಎಂಆರ್‌ಐ ರಿಪೋರ್ಟಿನಲ್ಲಿ 'ಕೊಂಡ್ರೊಮಲೇಶಿಯಾ, ಗ್ರೇಡ್ 2' ಎಂದಿದ್ದರೆ ಕಾರ್ಟಿಲೇಜ್ ಸ್ವಲ್ಪ ಮೆತ್ತಗಾಗಿ ಒರಟಾಗಿದೆ ಎಂದರ್ಥ. ನೋವೇ ಇಲ್ಲದವರ ಮಂಡಿಯಲ್ಲೂ ಇಂಥ ಬದಲಾವಣೆ ಧಾರಾಳವಾಗಿ ಕಾಣುತ್ತದೆ. ಗ್ರೇಡ್ ಎಷ್ಟೆಂಬುದಕ್ಕೂ ನೋವು ಎಷ್ಟೆಂಬುದಕ್ಕೂ ನೇರ ನಂಟಿಲ್ಲ. ಆ ಒಂದು ಸಾಲನ್ನು ಓದಿ, ಇಪ್ಪತ್ತೈದರ ವಯಸ್ಸಿಗೆ "ಇನ್ನು ಜೀವಮಾನದಲ್ಲಿ ಕೆಳಗೆ ಕೂರಬೇಡಿ, ಮೆಟ್ಟಿಲು ಹತ್ತಬೇಡಿ" ಎಂದು ಹೇಳಿಸಿಕೊಂಡು ಬರುವವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಭಾರ ತಗ್ಗಿಸುವುದು ಕೆಲವು ವಾರದ ಮಟ್ಟಿಗೆ ಸರಿ. ವರ್ಷಗಟ್ಟಲೆ ಬಳಸದೆ ಬಿಟ್ಟರೆ ತೊಡೆ ಬತ್ತುತ್ತದೆ, ಸಣ್ಣ ಮೆಟ್ಟಿಲೂ ದೊಡ್ಡ ಭಾರವಾಗುತ್ತದೆ, ನೋವು ಇನ್ನೂ ಹೆಚ್ಚುತ್ತದೆ.

ಚಿಕಿತ್ಸೆ: ಮೊದಲ ಎರಡು ವಾರ

ನೋವಿನ ಕೆಲಸಗಳನ್ನು ತಗ್ಗಿಸಿ, ನಿಲ್ಲಿಸಬೇಡಿ. ನೋವಿಗೆ 0ಯಿಂದ 10ರವರೆಗೆ ಅಂಕ ಕೊಡಿ. ಕೆಲಸ ಮಾಡುವಾಗ 3ರವರೆಗೆ ಬಂದು, ಮರುದಿನ ಬೆಳಗ್ಗೆಗೆ ಮೊದಲಿನಂತಾದರೆ ಆ ಕೆಲಸ ಮಂಡಿಗೆ ತಡೆಯುತ್ತದೆ. ಬೆಳಗ್ಗೆಗೂ ನೋವು ಹೆಚ್ಚಿಯೇ ಉಳಿದರೆ, ಊದಿಕೊಂಡರೆ, ಹಿಂದಿನ ದಿನ ಮಾಡಿದ್ದು ಜಾಸ್ತಿಯಾಯಿತು. ಈ ಅಳತೆಗೋಲನ್ನು ವ್ಯಾಯಾಮಕ್ಕೂ, ಕೆಲಸಕ್ಕೂ, ಆಟಕ್ಕೂ ಇಟ್ಟುಕೊಳ್ಳಿ.

ಕುಕ್ಕರುಗಾಲಿನ ಕಕ್ಕಸಿನ ಬದಲು ಕಮೋಡ್ ಇದ್ದರೆ ಬಳಸಿ, ಇಲ್ಲದಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಸ್ಟ್ಯಾಂಡ್ ಇಡಿಸಿ. ಇಳಿಗೆಮಣೆಯ ಕೆಲಸವನ್ನು ಮೇಜಿಗೆ ಏರಿಸಿ. ನಮಾಜು, ಪೂಜೆ, ಊಟ ಕೆಲ ದಿನ ಕುರ್ಚಿಯ ಮೇಲಾಗಲಿ. ಕಳೆ ಕೀಳುವವರು ಕುಕ್ಕರಿಸಿ ಕೂರುವ ಹೊತ್ತನ್ನು ಕಂತುಕಂತಾಗಿ ಒಡೆಯಿರಿ, ನಡುವೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಆಫೀಸಿನಲ್ಲಿ ಕೂರುವವರು ಅರ್ಧ ಗಂಟೆಗೊಮ್ಮೆ ಕಾಲು ಚಾಚಿ. ಬಸ್ಸಿನಲ್ಲಿ ಕಾಲು ಚಾಚಲು ಜಾಗ ಸಿಗುವ ನಡುದಾರಿಯ ಪಕ್ಕದ ಸೀಟು ಹಿಡಿಯಿರಿ. ಸಮತಟ್ಟಾದ ನೆಲದ ನಡಿಗೆ ಮುಂದುವರಿಯಲಿ.

ನೋವಿನ ಮಾತ್ರೆ ಬೇಕಾದರೆ ನಾಲ್ಕೈದು ದಿನಕ್ಕೆ ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಡೈಕ್ಲೊಫೆನಾಕ್ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಬಿಪಿ, ಕಿಡ್ನಿ, ಹೊಟ್ಟೆಹುಣ್ಣು ಇದ್ದವರಿಗೆ ಅದು ಅಪಾಯ. ಅದೇ ಔಷಧಿಯ ಜೆಲ್ ಹಚ್ಚಿದರೆ ದೇಹದೊಳಗೆ ಸೇರುವುದು ತೀರಾ ಕಡಿಮೆ. ನೀ ಕ್ಯಾಪ್ ಹಾಕಿದರೆ ಬೆಚ್ಚಗಾಗಿ ಧೈರ್ಯ ಬರುತ್ತದೆ ಎನ್ನುವವರು ನಡೆಯುವಾಗ ಹಾಕಿಕೊಳ್ಳಿ, ರಾತ್ರಿ ಬಿಚ್ಚಿಡಿ.

ಟೇಪ್ ಅಂಟಿಸುವ ವಿಧಾನವನ್ನು ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಜೆನ್ನಿ ಮೆಕ್‌ಕಾನೆಲ್ 1986ರಲ್ಲಿ ಬೆಳಕಿಗೆ ತಂದರು. ಚಿಪ್ಪನ್ನು ಮೆಲ್ಲಗೆ ಒಳಕ್ಕೆ ಸರಿಸಿ ಅಂಟಿಸಿದರೆ ಹಲವರಿಗೆ ಅಲ್ಲೇ, ಮೆಟ್ಟಿಲಿನ ಮೇಲೆಯೇ ನೋವು ಇಳಿಯುತ್ತದೆ. ಇಳಿದರೆ ವ್ಯಾಯಾಮ ಮಾಡಲು ಅನುಕೂಲವಾಗುವಂತೆ ಕೆಲವು ವಾರ ಬಳಸಿ. ಇಳಿಯದಿದ್ದರೆ ದುಡ್ಡು ಹಾಳು ಮಾಡಬೇಡಿ.

ವ್ಯಾಯಾಮ: ನಿಜವಾದ ಔಷಧಿ

2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಹೇಳಿಕೆ ಚಿಪ್ಪು-ತೊಡೆಮೂಳೆ ಕೀಲಿನ ನೋವಿಗೆ ಮುಖ್ಯವಾಗಿ ಶಿಫಾರಸು ಮಾಡಿದ್ದು ಸೊಂಟ ಮತ್ತು ಮಂಡಿ ಎರಡಕ್ಕೂ ಸೇರಿಸಿದ ವ್ಯಾಯಾಮವನ್ನು. ಕರೆಂಟು, ಅಲ್ಟ್ರಾಸೌಂಡ್ ಯಂತ್ರಗಳನ್ನು ಅದು ಶಿಫಾರಸು ಮಾಡಲಿಲ್ಲ. ಹತ್ತು ದಿನ ಯಂತ್ರ ಇಡಿಸಿಕೊಂಡು ಬಂದು "ಫಿಸಿಯೋಥೆರಪಿ ಆಯ್ತು, ಏನೂ ಆಗಲಿಲ್ಲ" ಎನ್ನುವವರಿಗೆ ನನ್ನ ಉತ್ತರ: ನಿಮಗಿನ್ನೂ ಚಿಕಿತ್ಸೆಯೇ ಶುರುವಾಗಿಲ್ಲ.

ನೋವು ಜೋರಾಗಿದ್ದಾಗ ಮಲಗಿ ಮಾಡುವುದರಿಂದ ಶುರು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತಿ ತೊಡೆಯನ್ನು 5 ಸೆಕೆಂಡ್ ಬಿಗಿ ಮಾಡುವುದು. ಕಾಲು ನೆಟ್ಟಗಿಟ್ಟು ಒಂದಡಿ ಎತ್ತುವುದು. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತುವುದು. ಇಲ್ಲಿ ಎಲ್ಲರೂ ಕಾಲನ್ನು ಮುಂದಕ್ಕೆ ಬಿಡುತ್ತಾರೆ, ಸೊಂಟ ಹಿಂದಕ್ಕೆ ವಾಲುತ್ತದೆ. ಗೋಡೆಗೆ ಬೆನ್ನು ತಾಗಿಸಿ ಮಲಗಿ, ಹಿಮ್ಮಡಿ ಗೋಡೆಯ ಮೇಲೆಯೇ ಜಾರುವಂತೆ ಎತ್ತಿದರೆ ಸರಿಯಾದ ಸ್ನಾಯು ಉರಿಯುತ್ತದೆ. ಬೆನ್ನಿನ ಮೇಲೆ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು.

ನೋವು 3ರ ಕೆಳಗೆ ಬಂದ ಮೇಲೆ ನಿಂತು ಮಾಡುವುದಕ್ಕೆ ಬನ್ನಿ. ಅರ್ಧಂಬರ್ಧ ಕುಕ್ಕರಿಸುವುದು, 45 ಡಿಗ್ರಿಯವರೆಗೆ ಮಾತ್ರ. ನಿಂತಾಗ ಅಷ್ಟು ಕೋನದಲ್ಲಿ ಚಿಪ್ಪಿನ ಒತ್ತಡ ಹಿಡಿತದಲ್ಲಿರುತ್ತದೆ. ಕೂತು ಕಾಲು ಚಾಚುವ ವ್ಯಾಯಾಮಕ್ಕೆ ಲೆಕ್ಕ ತಿರುಗುಮುರುಗು: 90ರಿಂದ 45 ಡಿಗ್ರಿಯವರೆಗೆ ಮಾಡಿ, ಕೊನೆಯ ಭಾಗವನ್ನು ಭಾರ ಕಟ್ಟಿ ಮಾಡಬೇಡಿ. ಜಿಮ್ಮಿನಲ್ಲಿ ಯಂತ್ರದ ಮೇಲೆ ಪೂರ್ತಿ ಚಾಚಿ ನೋವು ತಂದುಕೊಳ್ಳುವ ಹುಡುಗರು ಇದೊಂದನ್ನು ಬದಲಿಸಿದರೆ ಸಾಕಾಗುವುದೂ ಉಂಟು. ಆಮೇಲೆ ಕುರ್ಚಿಯಿಂದ ಕೈ ಊರದೆ ಏಳುವುದು, ಸಣ್ಣ ಮೆಟ್ಟಿಲು ಹತ್ತುವುದು, ಕೊನೆಗೆ ಮೂರು ಎಣಿಸುತ್ತಾ ನಿಧಾನವಾಗಿ ಇಳಿಯುವುದು. ಪ್ರತಿಸಲವೂ ಮಂಡಿ ಎರಡನೇ ಬೆರಳಿನ ನೇರಕ್ಕೇ ಇರಲಿ.

ಒಂದೊಂದನ್ನು ಹತ್ತರಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ. ಮೂರನೇ ಸುತ್ತಿನ ಕೊನೆಯ ಎರಡು ಕಷ್ಟವಾಗಬೇಕು. ಸುಲಭವಾದರೆ ಭಾರ ಏರಿಸಿ; ಚೀಲದಲ್ಲಿ ಎರಡು ಲೀಟರ್ ನೀರಿನ ಬಾಟಲಿ ಸಾಕು. ಮಂಡಿಗೆ ಒಳ್ಳೆಯದಾಗುತ್ತಿದೆ ಎಂದು ಅನಿಸಲು ಆರು ವಾರ, ಗಟ್ಟಿಯಾಗಲು ಹನ್ನೆರಡು ವಾರ ಬೇಕು. ಮೂರನೇ ವಾರದಲ್ಲಿ ನೋವು ಕಡಿಮೆಯಾಯಿತೆಂದು ಬಿಟ್ಟವರೇ ಮೂರು ತಿಂಗಳ ನಂತರ ಮತ್ತೆ ಬರುತ್ತಾರೆ.

ಓಡುವವರು ಹೆಜ್ಜೆ ಚಿಕ್ಕದು ಮಾಡಿ, ನಿಮಿಷಕ್ಕೆ ಬೀಳುವ ಹೆಜ್ಜೆಗಳನ್ನು 5ರಿಂದ 10 ಶೇಕಡಾ ಹೆಚ್ಚಿಸಿ. ಒಂದೊಂದು ಹೆಜ್ಜೆಗೂ ಚಿಪ್ಪಿನ ಮೇಲೆ ಬೀಳುವ ಭಾರ ಇಳಿಯುತ್ತದೆ.

ಟೆಂಡನ್ನಿನ ನೋವಿಗೆ ದಾರಿ ಬೇರೆ. ಗೋಡೆಗೆ ಒರಗಿ ಕುರ್ಚಿಯಂತೆ ಕೂತು 45 ಸೆಕೆಂಡ್ ಅಲುಗದೆ ಹಿಡಿಯುವುದು, ಐದು ಸಲ, ನಡುವೆ ಒಂದೆರಡು ನಿಮಿಷ ಬಿಡುವು. ಹಲವರಿಗೆ ನೋವು ತಗ್ಗುತ್ತದೆ. ಆಮೇಲೆ ಹೆಚ್ಚು ಭಾರದ ನಿಧಾನ ಚಲನೆ, ಕೊನೆಗೆ ಜಿಗಿತ. ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಟೆಂಡನ್ನಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ, ಹರಿಯುವ ಅಪಾಯವಿದೆ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಗುಂಪಿನ ಆಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಟೆಂಡನ್ ನೋವು ಶುರುವಾಗಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

ನಿಜವಾದ ಸವೆತ ಇರುವ ಹಿರಿಯರಿಗೂ ವ್ಯಾಯಾಮವೇ ಮೊದಲು, ನಿಧಾನವಾಗಿ. ತೂಕ ಹೆಚ್ಚಿದ್ದರೆ ಒಂದು ಕಿಲೋ ಇಳಿಸಿದರೂ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಕಾರ್ಟಿಲೇಜಿಗೆ ಒಳ್ಳೆಯದೆಂದು ಮಾರುವ ಗ್ಲೂಕೋಸಮೈನ್ ಡಬ್ಬಿಗೆ ಪ್ರತಿ ತಿಂಗಳು ಹಣ ಹಾಕುವ ಮೊದಲು ತಿಳಿದಿರಲಿ: ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆಯ 2019ರ ಮಾರ್ಗಸೂಚಿ ಮಂಡಿಯ ಸವೆತಕ್ಕೆ ಅದನ್ನು ಬೇಡವೆಂದೇ ಹೇಳಿದೆ.

ಮೂರು ತಿಂಗಳಾದರೂ ಬಗ್ಗದಿದ್ದರೆ

ಮೊದಲು ನೋಡಬೇಕಾದ್ದು, ವ್ಯಾಯಾಮ ನಿಜವಾಗಿ ಆಯಿತೇ, ಭಾರ ಏರಿತೇ ಎಂಬುದು. ಟೇಪಿನಲ್ಲಿ ತೊಡೆ ಅಳೆಯಿರಿ, ಕುಕ್ಕರಿಸುವ ಆಳ ನೋಡಿ. ಎರಡೂ ಹಾಗೆಯೇ ಇದ್ದರೆ ವ್ಯಾಯಾಮ ಸಾಲದು. ಎರಡೂ ಸುಧಾರಿಸಿ ನೋವು ಮಾತ್ರ ಉಳಿದಿದ್ದರೆ ಕಾರಣವನ್ನು ಮತ್ತೆ ಹುಡುಕಬೇಕು: ಸೊಂಟದ ಕೀಲು, ಬೆನ್ನಿನಿಂದ ಇಳಿಯುವ ನರ, ತೋಡಿನ ಆಳ ಕಡಿಮೆ ಇರುವುದು, ಚಿಪ್ಪು ಹುಟ್ಟಿನಿಂದಲೇ ಎತ್ತರದಲ್ಲಿರುವುದು. ಇಲ್ಲಿ ಎಲುಬು ತಜ್ಞರೂ ಎಂಆರ್‌ಐಯೂ ಬೇಕು.

ಬರೇ ನೋವಿಗಾಗಿ ಕೊಳವೆ ತೂರಿಸಿ 'ಕ್ಲೀನ್' ಮಾಡುವ ಶಸ್ತ್ರಚಿಕಿತ್ಸೆಗೆ (ಆರ್ಥ್ರೋಸ್ಕೋಪಿಗೆ) ಆತುರಪಡಬೇಡಿ. ಫಿನ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ನೋವು ಹಳೆಯದಾದವರಿಗೆ ಆರ್ಥ್ರೋಸ್ಕೋಪಿ ಮತ್ತು ವ್ಯಾಯಾಮ ಎರಡನ್ನೂ ಕೊಟ್ಟದ್ದಕ್ಕೂ ಬರೇ ವ್ಯಾಯಾಮ ಕೊಟ್ಟದ್ದಕ್ಕೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮತ್ತೆಮತ್ತೆ ಜಾರುವ ಚಿಪ್ಪಿನ ವಿಷಯ ಹಾಗಲ್ಲ. ಒಳಪಕ್ಕದ ಲಿಗಮೆಂಟನ್ನು ಹೊಸದಾಗಿ ಕಟ್ಟುವ ಶಸ್ತ್ರಚಿಕಿತ್ಸೆ ಅಂಥವರಿಗೆ ಒಳ್ಳೆಯ ಫಲ ಕೊಡುತ್ತದೆ, ಅದನ್ನು ಮುಂದೂಡುತ್ತಾ ಹೋದರೆ ಪ್ರತಿ ಜಾರುವಿಕೆಗೂ ಕಾರ್ಟಿಲೇಜ್ ತರಚುತ್ತದೆ.

ತಜ್ಞರ ಬಳಿ ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ನೋವು ಶುರುವಾದ ತಿಂಗಳು, ಬೆರಳಿಟ್ಟ ಜಾಗ, ಎಷ್ಟು ಆಳಕ್ಕೆ ಕುಕ್ಕರಿಸಿದಾಗ ನೋವು ಬರುತ್ತದೆ, ಊತ ಬಂದದ್ದುಂಟೇ, ಚಿಪ್ಪು ಜಾರಿದ್ದುಂಟೇ, ಎರಡು ತೊಡೆಗಳ ಅಳತೆ, ಮಾಡಿದ ವ್ಯಾಯಾಮ ಮತ್ತು ಅದರ ಭಾರ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು. ಫಿಲ್ಮಿನ ಕವರ್ ಜೊತೆಗೆ ಈ ಚೀಟಿಯನ್ನೂ ಅವರ ಮೇಜಿನ ಮೇಲಿಡಿ.